ಹಳದಿ ಕೋಟಿನವಳು ಬರುವ ಬಾಗಿಲು

ಮಧ್ಯಾಹ್ನ ಎರಡು ಗಂಟೆ ಆಗುವುದನ್ನೇ ಕಾಯುತ್ತಿದ್ದವಳಂತೆ ಗುಬ್ಬಿಯ ಮೆಸೇಜು ಬಂತು. "ಅಕ್ಕಾ, ಕಂಪ್ಯೂಟರ್ ಸಿಕ್ತು. ಬರ್ತಿದೀನಿ. ಅಮ್ಮನ್ನ ಕೂರಿಸು."

ಅಮ್ಮನನ್ನು ಅರ್ಧ ಗಂಟೆ ಮೊದಲೇ ಕೂರಿಸಿದ್ದೆ. ತಲೆ ಬಾಚಿ, ಕನ್ನಡಕ ಒರೆಸಿ ಹಾಕಿ, ಕೈಯಿರುವ ಕುರ್ಚಿಯಲ್ಲಿ ಬೆನ್ನಿಗೊಂದು ದಿಂಬು ಕೊಟ್ಟು ಕಂಪ್ಯೂಟರಿನ ಪರದೆಯ ಮುಂದೆ ಕೂರಿಸಿದ್ದೆ. ಪರದೆಯ ಮೇಲೆ ಆಟದ ಹಾಸ್ಟೆಲು, ಅದರ ಉದ್ದನೆಯ ಕಾರಿಡಾರು. ಮೆಟ್ಟಿಲ ಬುಡದಲ್ಲಿ ನೀಲಿ ಕೋಟು ಹಾಕಿದ, ಚೌಕ ತಲೆಯ ಗೊಂಬೆಯೊಂದು ನಿಂತಿತ್ತು. ಅದು ನಾನು. ಇನ್ನೇನು ಗೇಟಿನಲ್ಲಿ ಹಳದಿ ರೇನ್‌ಕೋಟಿನ ಗೊಂಬೆ ಕಾಣಿಸಿಕೊಳ್ಳಬೇಕು. ಅದು ಗುಬ್ಬಿ, ನನ್ನ ತಂಗಿ.

ಹತ್ತು ನಿಮಿಷವಾಯಿತು. ಗೇಟು ಖಾಲಿ.

"ಸರ್ವರ್ ಸಿಗ್ತಿಲ್ಲ ಅಂತಿದೆ ಅಕ್ಕಾ."

ತಕ್ಷಣ ಗಡಿಯಾರ ನೋಡಿದೆ. ಯಾಕೆಂದರೆ ಇದು ಇನ್ನೊಂದು ದಿನ ಆಡಿದರಾಯಿತು ಅನ್ನುವ ಆಟವಲ್ಲ. ಗುಬ್ಬಿ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುವವಳು. ನಲವತ್ತು ನಲವತ್ತೈದು ದಿನಕ್ಕೊಮ್ಮೆ ಹಡಗು ಯಾವುದೋ ಬಂದರಿನಲ್ಲಿ ನಿಂತಾಗ, ಅಲ್ಲಿ ನಾವಿಕರಿಗೆಂದು ಇಟ್ಟಿರುವ ಕೊಠಡಿಯಲ್ಲಿ ಎರಡು ಗಂಟೆ ಒಳ್ಳೆಯ ಇಂಟರ್ನೆಟ್ ಸಿಗುತ್ತದೆ. ನಾಲ್ಕಕ್ಕೆ ವ್ಯಾನು ಬಂದು ಎಲ್ಲರನ್ನೂ ತುಂಬಿಕೊಂಡು ಹೋಗುತ್ತದೆ. ಈ ಸಲದ ನಂತರ ಹಡಗು ದೂರದ ದಾರಿ ಹಿಡಿಯುತ್ತದೆ; ಮತ್ತೆ ದಡದಲ್ಲಿ ಕೂರುವುದು ಮೂರು ತಿಂಗಳಾದ ಮೇಲೆ. ಅಮ್ಮನ ಡಾಕ್ಟರು ಹೋದ ವಾರ ತಲೆ ಎತ್ತದೆ ಬರೆಯುತ್ತಲೇ ಹೇಳಿದ್ದರು, "ಮೂರು ತಿಂಗಳ ಮೇಲೆ ಯಾರ ಹೆಸರು ಉಳಿದಿರುತ್ತೆ, ಯಾರದು ಹೋಗಿರುತ್ತೆ, ನಾನು ಹೇಳೋಕಾಗಲ್ಲ."

ಅಮ್ಮ ನರ್ಸಿಂಗ್ ಶಾಲೆಯ ಹುಡುಗಿಯರ ಹಾಸ್ಟೆಲಿಗೆ ಇಪ್ಪತ್ತೆಂಟು ವರ್ಷ ವಾರ್ಡನ್ ಆಗಿದ್ದಳು. ಅವಳಿಗೆ ಕೊಟ್ಟಿದ್ದ ಎರಡು ಕೋಣೆಗಳಲ್ಲಿ ನಾವಿಬ್ಬರು ಬೆಳೆದೆವು. ಈಗ ಅವಳಿಗೆ ನನ್ನ ಮುಖ ಗೊತ್ತಿಲ್ಲ. ನಾನು ಊಟ ಕೊಡುವ ಹೆಂಗಸು. ಫೋನಿನಲ್ಲಿ ಗುಬ್ಬಿಯ ಮುಖ ತೋರಿಸಿದಾಗ, ಹಡಗಿನ ಸೆಕೆಗೆ ಕೂದಲು ಕತ್ತರಿಸಿಕೊಂಡ ಆ ಮುಖ ನೋಡಿ ಅಮ್ಮ, "ಹಾಸ್ಟೆಲೊಳಗೆ ಗಂಡಸರನ್ನ ಬಿಟ್ಟೋರು ಯಾರು?" ಎಂದು ಮನೆ ಹಾರಿಹೋಗುವಂತೆ ಕೂಗಾಡಿದಳು. ಬರೀ ದನಿ ಕೇಳಿಸಿದರೆ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಾಳೆ. ಆದರೆ ಗುಬ್ಬಿ ಎರಡು ತಿಂಗಳ ರಜೆಯಲ್ಲಿ ಕೂತು ಆ ಹಳೆಯ ಹಾಸ್ಟೆಲನ್ನು ಮೆಟ್ಟಿಲು ಮೆಟ್ಟಿಲಾಗಿ ಆಟದೊಳಗೆ ಕಟ್ಟಿ, ತಾನು ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಳದಿ ರೇನ್‌ಕೋಟನ್ನು ತನ್ನ ಗೊಂಬೆಗೆ ತೊಡಿಸಿ ಗೇಟಿನಲ್ಲಿ ನಿಲ್ಲಿಸಿದಾಗ, ಅಮ್ಮ ಮುಂದಕ್ಕೆ ಬಾಗಿ, "ಗುಬ್ಬೀ, ನೆನೆದುಕೊಂಡು ಬಂದ್ಯಾ?" ಅಂದಿದ್ದಳು. ಅವತ್ತಿನಿಂದ ಅವರಿಬ್ಬರ ತಾಯಿಮಗಳ ಸಂಬಂಧ ಇರುವುದು ಆ ಪರದೆಯೊಳಗೆ ಮಾತ್ರ. ಗುಬ್ಬಿ ಅಲ್ಲಿಂದ ಟೈಪು ಮಾಡುತ್ತಾಳೆ, ನಾನು ಓದಿ ಹೇಳುತ್ತೇನೆ. ಅಮ್ಮ ಹೇಳಿದ್ದನ್ನು ನಾನು ಟೈಪು ಮಾಡುತ್ತೇನೆ.

ಆ ಹಾಸ್ಟೆಲು ಇರುವುದು ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಅದೇ ಅದರ ಸರ್ವರು. ಹೊರಗಿನವರು ಅದರೊಳಗೆ ಬರಬೇಕಾದರೆ ರೂಟರಿಗೆ ಮೊದಲೇ ಹೇಳಿಟ್ಟಿರಬೇಕು: ಇಂಥ ಪೋರ್ಟಿನಲ್ಲಿ, ಅಂದರೆ ಇಂಥ ಬಾಗಿಲಲ್ಲಿ, ಯಾರಾದರೂ ಬಂದು ಕೇಳಿದರೆ ಈ ನಂಬರಿನ ಕಂಪ್ಯೂಟರಿಗೆ ಕಳಿಸು ಅಂತ. ಗುಬ್ಬಿ ಅದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಚಿತ್ರ ಸಮೇತ ಬರೆದಿಟ್ಟು ಹೋಗಿದ್ದಳು. ಮೂರು ವಾರದ ಹಿಂದೆ ಹಳೆಯ ರೂಟರ್ ಸತ್ತಿತು. ಕಂಪನಿಯವನು ಹೊಸದನ್ನು ಮನೆಯ ಕಾರಿಡಾರಿನ ಸ್ವಿಚ್‌ಬೋರ್ಡಿನ ಪಕ್ಕ ಮೊಳೆ ಹೊಡೆದು ತಗುಲಿಸಿ ಹೋದ. ಭಾನುವಾರ ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಾನೇ ಸೆಟ್ಟಿಂಗ್ ಮಾಡಿದ್ದೆ. ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ಕೂದಲೆಳೆಯಷ್ಟು ಎತ್ತರವಾದರೂ ಬಾಯಿ ಮುಚ್ಚದು ಅನ್ನುವಂಥ ಕೆಲಸ. ಅಂಥವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಪರೀಕ್ಷೆಯನ್ನೂ ಮಾಡಿದ್ದೆ, ಪಾಸೂ ಆಗಿದ್ದೆ.

"ಪರೀಕ್ಷೆ ಹೇಗೆ ಮಾಡ್ದೆ?" ಎಂದು ಗುಬ್ಬಿ ಕೇಳಿದಳು.

"ನನ್ನ ಫೋನಿಂದ ಒಳಗೆ ಹೋದೆ. ಚೆನ್ನಾಗೇ ಬಂತು."

"ಮನೆ ವೈಫೈನಲ್ಲಾ?"

"ಇನ್ನೇನು ಪಕ್ಕದ ಮನೆ ವೈಫೈನಲ್ಲಾ?"

"ಅಕ್ಕಾ, ಅದು ನಡುಮನೆಯಿಂದ ಅಡುಗೆಮನೆಗೆ ಹೋಗಿ ಬೀದಿಬಾಗಿಲು ತೆಗೆದಿದೆ ಅಂದ ಹಾಗಾಯ್ತು."

ನನ್ನ ಜಾಣತನಕ್ಕೆ ಬೆಂಕಿ ಹಾಕಬೇಕು ಅನಿಸಿತು. ಸಮಯ ಎರಡೂಕಾಲು.

ಅಮ್ಮ ಕುರ್ಚಿಯಲ್ಲಿ ಮಿಸುಕಾಡಿದಳು. "ಎಷ್ಟು ಹೊತ್ತು ಕೂರೋದಮ್ಮ? ಸುತ್ತು ಹಾಕ್ಬೇಕು ನಾನು."

"ಒಂದೇ ನಿಮಿಷ ಅಮ್ಮ."

ಸುತ್ತು ಅಂದರೆ ವಾರ್ಡನ್ ಸುತ್ತು. ಹಾಸ್ಟೆಲಿನ ಕರೆಂಟಿಗೆ ತಾನೇ ಧಣಿಯೆಂಬಂತೆ ಇಪ್ಪತ್ತೆಂಟು ವರ್ಷ ಬೇಡದ ಸ್ವಿಚ್ಚು ಆರಿಸಿಕೊಂಡು ತಿರುಗಿದ ಕಾಲುಗಳು, ತಲೆ ಮರೆತರೂ ಅವು ಮರೆತಿಲ್ಲ. ಫ್ಯಾನು, ಮಿಕ್ಸಿ, ನನ್ನ ಪಾಲಿಶ್ ಮೋಟರು, ಎಲ್ಲಿ ಸಣ್ಣ ದೀಪ ಉರಿಯುತ್ತಿದ್ದರೂ ಹೋಗಿ ಟಪ್ ಎಂದು ಆರಿಸುತ್ತಾಳೆ. ನಾನು ಹಿಂದೆಯೇ ಹೋಗಿ ಹಾಕುತ್ತೇನೆ. ಮೊದಮೊದಲು ರೇಗುತ್ತಿದ್ದೆ. ಈಗ ಮನೆ ಗುಡಿಸಿದಂತೆ ಅದೂ ಒಂದು ಕೆಲಸ.

ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಹದಿನಾರು ನಿಮಿಷ ಪಿಟೀಲು ಕೇಳಿಸಿದರು. ಆಮೇಲೆ ಜೇನು ಸುರಿಯುವ ದನಿಯ ಹುಡುಗಿಯೊಬ್ಬಳು ಬಂದಳು. ನಾನು ಪೋರ್ಟು, ಸರ್ವರು, ಬಂದರು, ಅಮ್ಮ ಎಂದು ಒಂದೇ ಉಸಿರಿಗೆ ಒದರಿದೆ.

"ರೂಟರ್ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ ಮೇಡಂ."

"ಅದನ್ನ ನಮ್ಮಮ್ಮ ದಿನಕ್ಕೆ ಹತ್ತು ಸಲ ಮಾಡ್ತಾರೆ ಕಣಮ್ಮ. ಅದರಿಂದ ಸರಿಹೋಗೋ ಹಾಗಿದ್ರೆ ನಮ್ಮನೆ ರೂಟರ್ ಹಾಡು ಹೇಳ್ಬೇಕಿತ್ತು."

ಹೀಗೆ ಹೇಳಿದೆ, ನನ್ನ ಬಾಯಿಂದಲೇ. ನನ್ನ ಕಿವಿಗೆ ಮಾತ್ರ ಅದು ಬೀಳಲಿಲ್ಲ.

"ಹಾಗಾದ್ರೆ ದೂರು ಬರ್ಕೋತೀನಿ ಮೇಡಂ. ನಲವತ್ತೆಂಟು ಗಂಟೆಯೊಳಗೆ ನಮ್ಮವರು ಬರ್ತಾರೆ."

ನಲವತ್ತೆಂಟು ಗಂಟೆ. ನನ್ನ ಹತ್ತಿರ ಇದ್ದದ್ದು ಒಂದು ಗಂಟೆ ಹದಿನೆಂಟು ನಿಮಿಷ. ಫೋನು ಕೆಳಗಿಟ್ಟೆ. ಮೇಜಿನ ಮೇಲೆ ನಾಳೆ ಕೊಡಬೇಕಾದ ಸೆಟ್ಟಿನ ಮೇಲ್ಸಾಲು ಹಲ್ಲುಗಳು ಅಚ್ಚಿನಲ್ಲಿ ಕೂತು ನನ್ನನ್ನೇ ನೋಡಿ ನಗುತ್ತಿದ್ದವು. ಅದರ ಮೇಲೆ ಬಟ್ಟೆ ಮುಚ್ಚಿದೆ.

ತಿರುಗಿ ನೋಡಿದರೆ ಅಮ್ಮನ ಕುರ್ಚಿ ಖಾಲಿ. ಕಾಯ್ದು ಸಾಕಾಗಿ ಎದ್ದು ಹೋಗಿದ್ದಳು. ಅಡುಗೆಮನೆಯಲ್ಲಿ ಟಪ್, ಟಪ್ ಕೇಳಿಸುತ್ತಿತ್ತು. ಇರಲಿ, ಅಲ್ಲೇ ಇರಲಿ ಎಂದು ಬಿಟ್ಟೆ.

ನೋಟುಪುಸ್ತಕದ ಒಂದೊಂದೇ ಸಾಲನ್ನು ರೂಟರಿನ ಸೆಟ್ಟಿಂಗ್ ಪುಟದೊಂದಿಗೆ ಹೋಲಿಸಿದೆ. ಪೋರ್ಟಿನ ಅಂಕಿ ಸರಿ. ಹೆಸರು ಸರಿ. ಕಂಪ್ಯೂಟರಿನೊಳಗಿನ ಕಾವಲು, ಆ ಫೈರ್‌ವಾಲ್, ಆರಿಸಿ ನೋಡಿದೆ, ಹಾಕಿ ನೋಡಿದೆ. ಪ್ರತಿ ಸಲವೂ ಗುಬ್ಬಿಯಿಂದ ಒಂದೇ ಉತ್ತರ: "ಇಲ್ಲ ಅಕ್ಕಾ." "ಇಲ್ಲ." "ಇಲ್ಲ." ಕೊನೆಗೆ ಬರೀ ಒಂದು ಚುಕ್ಕಿ. ಎಲ್ಲ ಬಿಟ್ಟು ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸಿತು.

"ಅಕ್ಕಾ, ಅಳಬೇಡ," ಎಂದು ಬರೆದಳು. ನಾನು ಅಳುತ್ತಿದ್ದೇನೆಂದು ಅವಳಿಗೆ ಯಾರು ಹೇಳಿದರೋ. "ಈಗ ರೂಟರಿಗೆ ಏನೇನು ಕನೆಕ್ಟ್ ಆಗಿದೆ ಅಂತ ಒಂದು ಪಟ್ಟಿ ಇರುತ್ತೆ. ಅದನ್ನ ತೆಗಿ. ನಮ್ಮ ಕಂಪ್ಯೂಟರಿನ ನಂಬರಿನ ಕೊನೆ ಅಂಕಿ ಎಷ್ಟು?"

ಹುಡುಕಿ ತೆಗೆದೆ. "ಎಂಟು."

"ನೀನು ಭಾನುವಾರ ಕೊಟ್ಟಿದ್ದು?"

"ಐದು. ಆವತ್ತು ಐದೇ ಇತ್ತು. ನನ್ನಾಣೆ."

"ಈಗ ಐದು ಯಾರ ಹತ್ರ ಇದೆ?"

ಪಟ್ಟಿ ನೋಡಿದೆ. ಐದನೇ ನಂಬರು ನಡುಮನೆಯ ಟೀವಿಯ ಹೆಸರಿನ ಮುಂದೆ ಇತ್ತು. ಅಂದರೆ ಎರಡು ಗಂಟೆಯಿಂದ ನನ್ನ ತಂಗಿ ಬಂದು ಬಂದು ಕದ ತಟ್ಟುತ್ತಿದ್ದದ್ದು ಟೀವಿಗೆ.

ನನಗೆ ಹಾಸ್ಟೆಲು ನೆನಪಾಯಿತು. ಅಲ್ಲಿ ರಜೆ ಮುಗಿದು ಶಾಲೆ ಶುರುವಾಗುವ ದಿನ ಯಾರು ಮೊದಲು ಬಂದರೋ ಅವರಿಗೆ ಮೊದಲ ಕೋಣೆ. ಐದರಲ್ಲಿದ್ದ ಹುಡುಗಿ ತಡವಾಗಿ ಬಂದರೆ ಎಂಟಕ್ಕೆ ಹೋಗುತ್ತಿದ್ದಳು. ಅವಳ ಮನೆಯ ಕಾಗದ ಮಾತ್ರ ಐದಕ್ಕೇ ಹೋಗಿ, ಇನ್ಯಾರೋ ಒಡೆದು ಓದಿ, ಜಗಳವಾಗುತ್ತಿತ್ತು. ಈ ಹೊಸ ರೂಟರೂ ಅಂಥದ್ದೇ. ಆರಿಸಿ ಹಾಕಿದಾಗಲೆಲ್ಲ ಯಾರು ಮೊದಲು ಬಂದರೋ ಅವರಿಗೆ ಒಂದು ನಂಬರು ಹಂಚುತ್ತದೆ. ನಮ್ಮ ಮನೆಯಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಆರಿಸಿ ಹಾಕುವವರು ಯಾರು ಎಂದು ಯೋಚಿಸಲೂ ನನಗೆ ಪುರುಸೊತ್ತಿರಲಿಲ್ಲ. ಐದು ಅಳಿಸಿ ಎಂಟು ಹಾಕಿ ಒತ್ತಿದೆ.

ಗೇಟಿನಲ್ಲಿ ಹಳದಿ ಕೋಟು ನಿಂತಿತ್ತು.

"ಅಮ್ಮಾ," ಎಂದು ಕೂಗುತ್ತ ಎದ್ದೆ. ಮೂರು ಗಂಟೆ ಹತ್ತು ನಿಮಿಷ. ಐವತ್ತು ನಿಮಿಷ ಉಳಿದಿದೆ, ಸಾಕು, ಬೇಕಾದಷ್ಟಾಯಿತು. ಬಾಗಿಲ ತನಕ ಹೋಗಿ ಒಮ್ಮೆ ತಿರುಗಿ ನೋಡಿದೆ, ಅದು ನಿಂತೇ ಇದೆಯೋ ಇಲ್ಲವೋ ಎಂದು. ನನ್ನ ಕಣ್ಣೆದುರೇ ಹಳದಿ ಕೋಟು ಮಾಯವಾಯಿತು.

ಕಾರಿಡಾರಿನಲ್ಲಿ ಅಮ್ಮ ಸ್ವಿಚ್‌ಬೋರ್ಡಿನ ಮುಂದೆ ನಿಂತಿದ್ದಳು. ಬೆರಳು ಇನ್ನೂ ಸ್ವಿಚ್ಚಿನ ಮೇಲಿತ್ತು. ರೂಟರಿನ ಹಸಿರು ದೀಪಗಳೆಲ್ಲ ಆರಿದ್ದವು. "ಯಾರೂ ಇಲ್ಲ, ಸುಮ್ನೆ ಉರೀತಿದೆ," ಎಂದಳು ನನಗೆ, ಬುದ್ಧಿ ಹೇಳುವ ದನಿಯಲ್ಲಿ.

ನಾನು ಆ ಕೈಗೆ ಹೊಡೆದೆ.

ಜೋರಾಗಿಯೇ ಹೊಡೆದೆ. ಸುಳ್ಳು ಯಾಕೆ ಹೇಳಲಿ? ಚಟ್ ಎಂದು ಸದ್ದಾಯಿತು. ಅಮ್ಮ ಕೈಯನ್ನು ಎದೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಬರಲಿಲ್ಲ. ಅಚ್ಚರಿ ಮಾತ್ರ ಇತ್ತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಇಪ್ಪತ್ತೆಂಟು ವರ್ಷದ ಹಳೆಯ ದನಿಯಲ್ಲಿ ಹೇಳಿದಳು: "ನನ್ನ ದೊಡ್ಡ ಮಗಳು ಕೆಲಸಕ್ಕೆ ಹೋಗಿದಾಳೆ. ಬರ್ಲಿ. ನಿನ್ನ ವಿಷಯ ಹೇಳ್ತೀನಿ."

ತನ್ನ ಕೋಣೆಗೆ ಹೋಗಿ, ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಳು.

ಅವಳ ಹಿಂದೆಯೇ ಹೋಗಬೇಕಿತ್ತು. ಸಮಯವಿರಲಿಲ್ಲ. ಸ್ವಿಚ್ಚು ಹಾಕಿದೆ. ಆ ಪೆಟ್ಟಿಗೆ ಕಣ್ಣು ಬಿಡಲು ನಾಲ್ಕು ನಿಮಿಷ ತೆಗೆದುಕೊಂಡಿತು. ನಾಲ್ಕು ನಿಮಿಷವೂ ಅದರ ಮುಂದೆ ನಿಂತು ನನಗೆ ನಾನೇ ಬೈದುಕೊಂಡೆ. ಪಟ್ಟಿ ತೆಗೆದರೆ, ಈ ಸಲ ಕಂಪ್ಯೂಟರಿಗೆ ಮೂರನೇ ನಂಬರು. ಎಂಟು ನನ್ನ ಫೋನಿನ ಪಾಲಾಗಿತ್ತು.

ಆಗ ಸಹಾಯವಾಣಿಯ ಹುಡುಗಿಗೆ ಹೇಳಿದ ಮಾತು ಈಗ ತಾನೇ ಯಾರೋ ಕಿವಿಯಲ್ಲಿ ಹೇಳಿದಂತೆ ಕೇಳಿಸಿತು. ದಿನಕ್ಕೆ ಹತ್ತು ಸಲ.

ಆ ಕಾಗದದ ಜಗಳಕ್ಕೆ ಅಮ್ಮ ಹಾಸ್ಟೆಲಿನಲ್ಲಿ ಏನು ಮಾಡಿದ್ದಳು? ಒಂದು ರಿಜಿಸ್ಟರ್ ತೆಗೆದು ಬರೆದಿದ್ದಳು: ಇಂಥ ಹುಡುಗಿಗೆ ಇಂಥ ಕೋಣೆ, ಅವಳು ಮೊದಲು ಬರಲಿ ಕೊನೆಗೆ ಬರಲಿ, ಬೇರೆಯವರಿಗೆ ಕೊಡಕೂಡದು. ರೂಟರಿನಲ್ಲೂ ಅಂಥದೊಂದು ಪುಟ ಇರಲೇಬೇಕು ಎಂದು ಹುಚ್ಚಿಯಂತೆ ಹುಡುಕಿದೆ. ಎಡಗಡೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇತ್ತು. ಕಂಪ್ಯೂಟರಿನ ಹೆಸರು ಆಯ್ದು, ಅದಕ್ಕೆ ಮೂರನೇ ನಂಬರ್ ಕಾಯ್ದಿರಿಸಿ, ಉಳಿಸಿ, ಪೋರ್ಟಿನ ಪುಟದಲ್ಲೂ ಅದನ್ನೇ ತುಂಬಿದೆ. ಬೆರಳು ತಪ್ಪಿ ತಪ್ಪಿ ಮೂರು ಸಲ ಟೈಪು ಮಾಡಬೇಕಾಯಿತು. ಮೂರೂವರೆ ದಾಟಿ ಹನ್ನೊಂದು ನಿಮಿಷ ಆಗಿತ್ತು, ಹಳದಿ ಕೋಟು ಮತ್ತೆ ಗೇಟಿಗೆ ಬರುವಾಗ.

"ಅಮ್ಮ ಎಲ್ಲಿ?" ಎಂದು ಬರೆದಳು ಗುಬ್ಬಿ.

ಕೋಣೆಯ ಬಾಗಿಲಿಗೆ ಹೋದೆ. "ಅಮ್ಮ, ಬಾ. ಗುಬ್ಬಿ ಬಂದಿದಾಳೆ." ಗೋಡೆಯ ಕಡೆಯಿಂದ ಮುಖ ತಿರುಗಲಿಲ್ಲ. "ಅಮ್ಮ, ತಪ್ಪಾಯ್ತು. ಕಾಲಿಗೆ ಬೀಳ್ತೀನಿ, ಬಾ." ಹತ್ತಿರ ಹೋಗಿ ಭುಜ ಮುಟ್ಟಿದೆ. ಅಮ್ಮ ಇಷ್ಟೇ ಇಷ್ಟು ಸರಿದು ಕೂತಳು, ಬಸ್ಸಿನಲ್ಲಿ ಅಪರಿಚಿತರು ತಾಗಿದಾಗ ಸರಿಯುವಂತೆ.

ವಾಪಸ್ ಬಂದು ಟೈಪು ಮಾಡಿದೆ. "ಬರ್ತಿಲ್ಲ. ನಾನು ಹೊಡೆದುಬಿಟ್ಟೆ ಗುಬ್ಬಿ. ರೂಟರ್ ಆರಿಸಿದ್ಲು ಅಂತ ಕೈಗೆ ಹೊಡೆದೆ. ನನ್ನ ಕಂಡ್ರೆ ಹೆದರಿದಾಳೆ."

ಹಳದಿ ಗೊಂಬೆ ಅಲ್ಲಾಡದೆ ನಿಂತಿತ್ತು. ಏನಾದರೂ ಬೈಯಲಿ ಎಂದು ಕಾದೆ. ನಾಲ್ಕಕ್ಕೆ ಹದಿಮೂರು ನಿಮಿಷ. ನಾನೇ ಮುಂದೆ ನಿಂತು ಅವರಿಬ್ಬರ ಕೊನೆಯ ಭೇಟಿಯನ್ನು ಹಾಳು ಮಾಡಿದ್ದೆ. ಅಷ್ಟರಲ್ಲಿ ಅಮ್ಮನ ಕೋಣೆಯಿಂದ ಟಪ್ ಎಂದು ಸದ್ದು ಬಂತು. ಕೂತಲ್ಲಿಂದಲೇ ಕೈ ಚಾಚಿ ಮಂಚದ ಪಕ್ಕದ ದೀಪ ಆರಿಸಿದ್ದಳು.

ಆ ಸದ್ದಿನಿಂದಲೇ ನನಗೆ ದಾರಿ ಹೊಳೆಯಿತು.

"ಗುಬ್ಬಿ, ಹನ್ನೊಂದನೇ ರೂಮಿಗೆ ಓಡು. ದೀಪ ಹಚ್ಚು. ಬೇಗ."

ಹನ್ನೊಂದು ಯಾಕೆಂದು ಅವಳು ಕೇಳಲಿಲ್ಲ. ಚಿಕ್ಕವಳಿದ್ದಾಗ ಅವಳು ಹಾಸಿಗೆಯಿಂದ ಕದ್ದು ಎದ್ದು, ಆ ಕೋಣೆಯ ನರ್ಸ್ ಹುಡುಗಿಯರ ಜೊತೆ ಹರಟಲು ಹೋಗಿ, ಅಮ್ಮನ ಕೈಗೆ ಸಿಕ್ಕಿಬೀಳುತ್ತಿದ್ದಳು. ನಾನು ಆಟದೊಳಗೆ ರಾತ್ರಿ ಮಾಡಿದೆ. ಕಾರಿಡಾರು ಕಪ್ಪಾಯಿತು. ಮೇಲೆ ಒಂದೇ ಒಂದು ಬಾಗಿಲ ಸಂದಿಯಲ್ಲಿ ಬೆಳಕು ಕಂಡಿತು.

ಅಮ್ಮನ ಕೋಣೆಯ ಹೊರಗೆ ನಿಂತೆ. ಒಳಗೆ ಕಾಲಿಡಲಿಲ್ಲ. ಹಾಸ್ಟೆಲಿನ ಕಾವಲಿನವಳು ಹೇಳುತ್ತಿದ್ದಂತೆ, ಸ್ವಲ್ಪ ದೂರು, ಸ್ವಲ್ಪ ಭಯ ಬೆರೆಸಿ ಹೇಳಿದೆ: "ಮೇಡಂ, ಹನ್ನೊಂದರಲ್ಲಿ ಇನ್ನೂ ಲೈಟ್ ಉರೀತಿದೆ."

ಒಳಗೆ ಮಂಚ ಕಿರುಗುಟ್ಟಿತು.

"ಯಾರು ಹನ್ನೊಂದರಲ್ಲಿ?"

"ಗೊತ್ತಿಲ್ಲ ಮೇಡಂ. ನೀವೇ ಬಂದು ನೋಡ್ಬೇಕು."

ಅಮ್ಮ ಎದ್ದಳು. ಕೂದಲು ಗಂಟು ಹಾಕಿಕೊಂಡಳು, ಕನ್ನಡಕಕ್ಕೆ ತಡಕಾಡಿದಳು. ನನ್ನನ್ನು ದಾಟಿ ಸೀದಾ ಹೋಗಿ ಪರದೆಯ ಮುಂದೆ ಕೂತು, "ನಡಿ," ಅಂದಳು. ನನ್ನ ನೀಲಿ ಗೊಂಬೆಯನ್ನು ಮೆಟ್ಟಿಲು ಹತ್ತಿಸಿದೆ. ಅಮ್ಮ ಬಾಯಲ್ಲೇ ಎಣಿಸುತ್ತಿದ್ದಳು, ಒಂಬತ್ತು, ಹತ್ತು. ಹನ್ನೊಂದರ ಬಾಗಿಲು ತೆಗೆದೆ.

ದೀಪದ ಕೆಳಗೆ ಹಳದಿ ಕೋಟು ನಿಂತಿತ್ತು.

"ಗುಬ್ಬಿ," ಅಂದಳು ಅಮ್ಮ. ಅವಳ ಭುಜಗಳು ಇಳಿದವು. "ಇಷ್ಟು ಹೊತ್ತಲ್ಲಿ ಇಲ್ಲೇನೇ ಮಾಡ್ತಿದೀಯ?"

ಟೈಪು ಮಾಡಿದೆ. ಉತ್ತರ ಬಂತು, ಓದಿ ಹೇಳಿದೆ: "ನಿನಗೇ ಕಾಯ್ತಿದ್ದೆ ಅಮ್ಮ."

"ತಿಂದ್ಯಾ?"

"ತಿಂದೆ."

"ತಲೆ ಒರೆಸ್ಕೊಂಡ್ಯಾ?"

"ಒರೆಸ್ಕೊಂಡೆ ಅಮ್ಮ."

ನಾಲ್ಕಕ್ಕೆ ಎಂಟು ನಿಮಿಷ. ಅಮ್ಮ ಪರದೆಗೆ ಇನ್ನೂ ಹತ್ತಿರ ಬಾಗಿ ದನಿ ತಗ್ಗಿಸಿದಳು. "ಅಕ್ಕ ಬಂದ್ಲಾ? ಅವಳಿಗೆ ಒಂದು ಮಾತು ಹೇಳ್ಬೇಕು. ಇಲ್ಲಿ ಒಬ್ಬಳು ಹೆಂಗಸಿದಾಳೆ. ಇವತ್ತು ನನ್ನ ಕೈಗೆ ಹೊಡೆದ್ಲು."

ನನ್ನ ಬೆರಳು ಕೀಲಿಗಳ ಮೇಲೆ ನಿಂತಿತು. ಬೇರೆ ಏನಾದರೂ ಟೈಪು ಮಾಡಿದ್ದರೆ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಅವಳು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಟೈಪು ಮಾಡಿದೆ.

ಹಳದಿ ಗೊಂಬೆ ಮೆಲ್ಲಗೆ ನಡೆದು ಬಂದು ನನ್ನ ಗೊಂಬೆಯ ಪಕ್ಕ ನಿಂತಿತು. ಅಕ್ಷರಗಳು ಒಂದೊಂದಾಗಿ ಮೂಡಿದಂತೆ ನನಗೆ ಅನಿಸಿತು. ಓದಿ ಹೇಳಿದೆ: "ಅಕ್ಕ ಇಲ್ಲೇ ಇದಾಳಲ್ಲ ಅಮ್ಮ. ನನ್ನ ಪಕ್ಕದಲ್ಲಿ. ನೀಲಿ ಕೋಟು ಹಾಕಿರೋಳು."

ಇಷ್ಟು ತಿಂಗಳು ಅಮ್ಮ ಆ ನೀಲಿ ಗೊಂಬೆಯನ್ನು ಕಣ್ಣೆತ್ತಿ ನೋಡಿದವಳಲ್ಲ. ಈಗ ಕನ್ನಡಕ ಏರಿಸಿ ನೋಡಿದಳು. ಬೆರಳಿಂದ ಪರದೆಯ ಮೇಲೆ ಆ ಕೋಟನ್ನು ಮುಟ್ಟಿದಳು. "ಹೌದಲ್ಲ. ಶಾಲೆಗೆ ಅಂತ ನಾನೇ ಹೊಲಿಸಿದ್ದು. ಯಾವಾಗ ಬಂದ್ಯೇ?"

"ಆಗ್ಲೇ ಬಂದೆ ಅಮ್ಮ," ಎಂದೆ, ಬಾಯಿ ಬಿಟ್ಟು. ಅವಳು ನನ್ನ ಕಡೆ ತಿರುಗಲಿಲ್ಲ. ದನಿ ಪರದೆಯಿಂದಲೇ ಬಂತು ಅನ್ನುವಂತೆ ಅಲ್ಲಿಗೇ ಕಿವಿ ಕೊಟ್ಟಿದ್ದಳು.

"ಆ ಹೆಂಗಸನ್ನ ಒಂದು ಸಲ ಕೇಳು. ಬೈಬೇಡ. ಕೆಟ್ಟವಳಲ್ಲ, ಹೊತ್ತು ಹೊತ್ತಿಗೆ ಊಟ ಕೊಡ್ತಾಳೆ. ದಣಿದಿದಾಳೆ ಪಾಪ. ಯಾಕೆ ಹೊಡೆದೆ ಅಂತ ಕೇಳು, ಅಷ್ಟೆ."

"ಕೇಳ್ತೀನಿ ಅಮ್ಮ. ಇನ್ಮೇಲೆ ಹೊಡೆಯಲ್ಲ ಅವಳು."

"ಸರಿ ಹಾಗಾದ್ರೆ."

ನಾಲ್ಕಕ್ಕೆ ಎರಡು ನಿಮಿಷ. ಗುಬ್ಬಿ ಬರೆದಳು: "ವ್ಯಾನ್ ಬಂತು ಅಕ್ಕಾ." ಅದರ ಕೆಳಗೆ: "ಅಮ್ಮ, ನಿದ್ದೆ ಬರ್ತಿದೆ. ದೀಪ ಆರಿಸಿ ಮಲ್ಕೋತೀನಿ." ಓದಿ ಹೇಳಿದೆ. ಅಮ್ಮ ತಲೆಯಾಡಿಸಿದಳು. ಹನ್ನೊಂದರ ದೀಪ ಆರಿತು, ಹಳದಿ ಕೋಟು ಇಲ್ಲವಾಯಿತು.

ಅಮ್ಮ ತೃಪ್ತಿಯಿಂದ ಎದ್ದು ಕಾರಿಡಾರಿಗೆ ನಡೆದಳು. ಟಪ್ ಎಂದಿತು. ರೂಟರಿನ ದೀಪಗಳು ಆರಿದ್ದನ್ನು ಕೂತಲ್ಲಿಂದಲೇ ನೋಡಿದೆ. ಆರಿಸಿಕೊಳ್ಳಲಿ. ಇನ್ನು ಎಷ್ಟು ಸಲ ಆರಿಸಿದರೂ ಕಂಪ್ಯೂಟರಿನ ನಂಬರು ಬದಲಾಗುವುದಿಲ್ಲ. ಮೂರು ತಿಂಗಳಾದ ಮೇಲೆ ಗುಬ್ಬಿ ಬಂದು ತಟ್ಟಿದರೆ ಬಾಗಿಲು ತೆರೆಯುತ್ತದೆ. ಒಳಗೆ ಅವಳ ಹೆಸರು ಉಳಿದಿರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಪರದೆಯ ಮೇಲೆ ಕತ್ತಲ ಕಾರಿಡಾರಿನಲ್ಲಿ ನೀಲಿ ಕೋಟಿನ ಗೊಂಬೆ ಒಂದೇ ಉಳಿದಿತ್ತು. ಅಮ್ಮ ವಾಪಸ್ ಬಂದು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಹೊಡೆದದ್ದನ್ನೆಲ್ಲ ಮರೆತು, ಪಕ್ಕದ ಮನೆಯವರಿಗೆ ಸಂತೋಷದ ಸುದ್ದಿ ಹೇಳುವವಳಂತೆ ಹೇಳಿದಳು:

"ನನ್ನ ದೊಡ್ಡ ಮಗಳು ಬಂದಿದಾಳೆ."